ತಪ್ಪು ಕೋಣೆಯಲ್ಲಿ ಟೈಲರಮ್ಮ

ಟೈಲರಮ್ಮ ತನ್ನ ನಾದಿನಿಗೆ ಹೊಲಿದುಕೊಟ್ಟ ಕೋಟಿನ ಬಲತೋಳು ತುದಿಯಲ್ಲಿ ಮುಚ್ಚಿಹೋಗಿತ್ತು. ಅಂಚು ಮಡಚಿ ಹೊಲಿಯುವಾಗ ಮೇಲಿನ ಪದರದ ಜೊತೆಗೆ ಕೆಳಗಿನ ಪದರವೂ ಸೂಜಿಗೆ ಸಿಕ್ಕಿ, ತೋಳು ಹೋಗಿ ಚೀಲವಾಗಿತ್ತು. ಹೊಲಿಗೆ ಮಾತ್ರ ಬಲು ಅಚ್ಚುಕಟ್ಟು. ಒಂದು ಎಳೆಯೂ ಓರೆಯಾಗಿರಲಿಲ್ಲ.

ನಾದಿನಿ ಸಿಟಿ ಬಸ್ಸಿನ ಕಂಡಕ್ಟರು. ಬೆಳಗಿನ ಚಳಿಗಾಳಿ ಕಿಟಕಿಯಿಂದ ಹೊಡೆಯುತ್ತಿದೆ ಎಂದು, ತುಂಬಿದ ಬಸ್ಸಿನ ಮಧ್ಯದಲ್ಲಿ ನಿಂತೇ ಹೊಸ ಕೋಟಿಗೆ ಕೈ ತೂರಿಸಿದಳು. ಎಡಗೈ ಸಲೀಸಾಗಿ ಆಚೆ ಬಂತು. ಒಳಗೆ ಹೋದ ಬಲಗೈ ಮಾತ್ರ ಹೊರಗೆ ಬರಲೊಲ್ಲದು. ಕೊಡವಿದಳು, ಎಳೆದಳು, ಹಲ್ಲಿನಿಂದ ಕಚ್ಚಿಯೂ ನೋಡಿದಳು. ಟಿಕೆಟ್ಟಿಗೆ ಕೈ ಚಾಚಿದ್ದವರೆಲ್ಲ ಹಾಗೇ ಚಾಚಿಕೊಂಡು ನಿಂತು ನಗತೊಡಗಿದರು.

"ಯಾರ ಜೇಬಿಗೂ ಕೈ ಹಾಕಬಾರದು ಅಂತ ನಮ್ಮತ್ತಿಗೆ ಹೊಲಿದು ಕಳಿಸಿದ್ದಾರೆ ಕಣ್ರಪ್ಪಾ!" ಎಂದು ಅವಳೂ ನಕ್ಕಳು. ಇಡೀ ಬಸ್ಸು ಬಿದ್ದು ಬಿದ್ದು ನಕ್ಕಿತು. ಕನ್ನಡಿಯಲ್ಲಿ ಹಿಂದೆ ನೋಡುತ್ತಿದ್ದ ಡ್ರೈವರ್ ಒಬ್ಬನೇ ನಗಲಿಲ್ಲ.

ಆಮೇಲೆ ಒಂದೇ ಕೈಯಲ್ಲಿ ಟಿಕೆಟ್ ಹರಿಯುತ್ತಿದ್ದಾಗ ನಾದಿನಿಯ ನಗುವೂ ಇಳಿಯಿತು. ಅವಳು ಬುದ್ಧಿ ಬಂದಾಗಿನಿಂದ ಅತ್ತಿಗೆ ಹೊಲಿದದ್ದನ್ನೇ ಉಟ್ಟು ತೊಟ್ಟು ಬೆಳೆದವಳು. ಅಪ್ಪ ಅಮ್ಮ ತೀರಿಕೊಂಡ ಮೇಲೆ ಅಣ್ಣನ ಮನೆಗೆ ಬಂದಾಗ ಇನ್ನೂ ಶಾಲೆಗೆ ಹೋಗುವ ಹುಡುಗಿ. ಅಣ್ಣ ಹೊಲಿಗೆ ಯಂತ್ರ ರಿಪೇರಿ ಮಾಡುತ್ತಿದ್ದ, ಅತ್ತಿಗೆ ಹೊಲಿಯುತ್ತಿದ್ದಳು. ಜಡೆ ಹೆಣೆದದ್ದು, ಜ್ವರ ಬಂದಾಗ ತಲೆ ಒತ್ತಿದ್ದು, ರಸ್ತೆ ದಾಟಿಸಿದ್ದು, ಕಂಡಕ್ಟರ್ ಕೆಲಸಕ್ಕೆ ಅರ್ಜಿ ಹಾಕು ಎಂದು ಬೆನ್ನಿಗೆ ಬಿದ್ದದ್ದು, ಎಲ್ಲವೂ ಈ ಅತ್ತಿಗೆಯೇ. ಅಂಥ ಕೈಯಿಂದ ತೋಳು ಮುಚ್ಚಿದ ಕೋಟು ಬಂದಿದೆ ಎಂದರೆ ಏನೋ ಆಗಿದೆ.

ಸಂಜೆ ಡ್ಯೂಟಿ ಮುಗಿಸಿ ಅವಳು ನೇರ ಅಂಗಡಿಗೆ ಬಂದಳು.

ಟೈಲರಮ್ಮನ ಅಂಗಡಿ ಹಳೇ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಜಾಗ. ಸೂರು ಓರೆ. ಮೇಲೆ ಯಾರಾದರೂ ಮೆಟ್ಟಿಲು ಹತ್ತಿದರೆ ಡಬ್ಬಿಯೊಳಗಿನ ಗುಂಡಿಗಳು ಕುಲುಕುತ್ತಿದ್ದವು. ನಾದಿನಿ ಕೋಟು ತೊಟ್ಟುಕೊಂಡೇ ಎದುರಿಗೆ ಬಂದು, ಮುಚ್ಚಿದ ತೋಳನ್ನು ಬಾವುಟದ ಹಾಗೆ ಬೀಸಿದಳು.

ಟೈಲರಮ್ಮ ಮೊದಲು ಗೊಳ್ಳೆಂದು ನಕ್ಕಳು. ಆಮೇಲೆ ಆ ಹೊಲಿಗೆ ತನ್ನದೇ ಎಂದು ಹೊಳೆದು ಮುಖ ಸಪ್ಪಗಾಯಿತು.

"ಕೊಡೇ ಇಲ್ಲಿ, ಈಗಲೇ ಬಿಚ್ಚಿಕೊಡ್ತೀನಿ," ಎಂದು ಬ್ಲೇಡು ತೆಗೆದುಕೊಂಡಳು. ಬ್ಲೇಡು ಹಿಡಿದ ಬೆರಳುಗಳು ನೂಲಿನ ಹತ್ತಿರ ಹೋಗಿ ಹೋಗಿ ತಪ್ಪುತ್ತಿದ್ದವು. ನಾದಿನಿ ಮೆಲ್ಲಗೆ ಬ್ಲೇಡನ್ನು ಕಸಿದುಕೊಂಡಳು.

"ಬೇಡ ಅತ್ತಿಗೆ. ಕೈ ಕುಯ್ಕೊಳ್ತೀರ."

ಯಂತ್ರದ ಪಕ್ಕದಲ್ಲಿ ಯಾವಾಗಲೂ ಇರುವ ಸ್ಟೀಲ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಮೂಸಿದಳು.

"ಗಂಟಲಿಗೆ ಔಷಧಿ ಕಣೇ. ಕೆರೆತ," ಎಂದಳು ಟೈಲರಮ್ಮ.

"ಅಣ್ಣ ಹೋದಾಗಿನಿಂದ ನಿಮ್ಮ ಗಂಟಲು ಕೆರೀತಾನೇ ಇದೆ."

ನಾದಿನಿಯ ಧ್ವನಿ ಎಂದರೆ ಬಸ್ಸಿನ ಹಿಂಬಾಗಿಲಿನಿಂದ ಡ್ರೈವರ್ ಸೀಟಿಗೆ ಮುಟ್ಟುವ ಧ್ವನಿ. ಗುಟ್ಟು ಅನ್ನುವುದು ಅದಕ್ಕೆ ಒಗ್ಗಿ ಬಂದದ್ದಲ್ಲ. ಆ ಧ್ವನಿಯೇ ಇಷ್ಟು ತಗ್ಗಿದ್ದು ಕೇಳಿ ಟೈಲರಮ್ಮನಿಗೆ ಜೀವ ಬಾಯಿಗೆ ಬಂತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು.

ಗಂಡ ಇದ್ದಾಗ ವಾರಕ್ಕೊಮ್ಮೆ ಕೆಲಸ ಮುಗಿಸಿ ಬಂದು ಒಂದಿಷ್ಟು ಕುಡಿಯುತ್ತಿದ್ದ. ಅವಳು ಎದುರಿಗೆ ಕೂತು ಗುಂಡಿ ಹಚ್ಚುತ್ತಿದ್ದಳು, ಅವನು ಯಾರ ಯಂತ್ರ ಏನೇನು ಚೇಷ್ಟೆ ಮಾಡಿತು ಎಂದು ಕಥೆ ಹೇಳುತ್ತಿದ್ದ. ಅವನು ಹೋದ ಮೇಲೆ ಕಪಾಟಿನಲ್ಲಿ ಅರ್ಧ ಬಾಟಲಿ ಉಳಿದಿತ್ತು. ಚೆಲ್ಲುವುದಕ್ಕೆ ಮನಸ್ಸು ಬರಲಿಲ್ಲ, ನೋಡುವುದಕ್ಕೂ ಆಗಲಿಲ್ಲ. ಒಂದು ಸಂಜೆ ಅವನ ಲೋಟದಲ್ಲೇ ಬಗ್ಗಿಸಿಕೊಂಡು, ಅವನ ಕುರ್ಚಿಯ ಎದುರಿಗೆ ಕೂತು ಕುಡಿದಳು. ಎದೆ ಸ್ವಲ್ಪ ಹಗುರಾಯಿತು. ಆ ಬಾಟಲಿ ಮುಗಿದ ಮೇಲೆ ಇನ್ನೊಂದನ್ನು ತಾನೇ ಹೋಗಿ ತಂದಳು. ಅಲ್ಲಿಂದ ಸಂಜೆ ಎನ್ನುವುದು ಸ್ವಲ್ಪ ಸ್ವಲ್ಪವಾಗಿ ಮುಂಚೆ ಬರತೊಡಗಿತು. ಮಧ್ಯಾಹ್ನಕ್ಕೆ ಬಂತು, ಆಮೇಲೆ ಬೆಳಗಿನ ಮೊದಲ ಗಿರಾಕಿಗಿಂತ ಮುಂಚೆಯೇ ಬಂದು ಕೂತಿತು.

"ಬಿಟ್ಟುಬಿಡ್ತೀನಿ ಕಣೇ. ನಾಳೆಯಿಂದ."

"ಇದನ್ನ ಒಬ್ಬರೇ ಎಷ್ಟು ಸಲ ಹೇಳ್ಕೊಂಡಿದ್ದೀರ?"

ಟೈಲರಮ್ಮ ದಿನಾ ಬೆಳಗ್ಗೆ ಹಲ್ಲುಜ್ಜುವಾಗ ಕನ್ನಡಿಗೆ ಹೇಳುತ್ತಿದ್ದ ಮಾತು ಅದು.

ನಾದಿನಿ ಅಲ್ಲೇ ಬಟ್ಟೆಯ ರಾಶಿಯ ಮೇಲೆ ಕೂತು, ತಾನೇ ತೋಳಿನ ಹೊಲಿಗೆ ಬಿಚ್ಚಿದಳು. ಹೊರಡುವಾಗ, "ನಾನು ವಿಚಾರಿಸ್ತೀನಿ. ನೀವು ಬೇಡ ಅನ್ನಬಾರದು," ಎಂದಳು. ಟೈಲರಮ್ಮ ಬೇಡ ಎನ್ನಲಿಲ್ಲ. ಹೂಂ ಎಂದೂ ಅನ್ನಲಿಲ್ಲ.

ಎರಡು ದಿನ ಬಿಟ್ಟು ನಾದಿನಿ ಸುದ್ದಿ ತಂದಳು. ಕುಡಿತ ಬಿಡಬೇಕು ಎನ್ನುವವರೆಲ್ಲ ಸೇರಿ ಕೂತು ಮಾತಾಡುವ ಒಂದು ಮೀಟಿಂಗ್ ಇದೆಯಂತೆ, ಪ್ರತಿ ಶನಿವಾರ ಸಂಜೆ. ಹೆಸರು ಕೇಳುವುದಿಲ್ಲ, ವಿಳಾಸ ಕೇಳುವುದಿಲ್ಲ.

"ಯಾರೇ ಹೇಳಿದ್ದು?"

"ನಮ್ಮ ಡ್ರೈವರಣ್ಣ. ನಿಮ್ಮ ಹೆಸರು ಎತ್ತಲಿಲ್ಲ, ಆಣೆ. ಪರಿಚಯದವರೊಬ್ಬರಿಗೆ ಬೇಕಿತ್ತು ಅಂದೆ. ಅವರಿಗೂ ಪರಿಚಯದವರೊಬ್ಬರು ಅಲ್ಲಿಗೆ ಹೋಗ್ತಾರಂತೆ. ಸಮುದಾಯ ಭವನದಲ್ಲಿ."

ಶನಿವಾರ ಬಂತು. ಟೈಲರಮ್ಮ ಮಧ್ಯಾಹ್ನದಿಂದ ಫ್ಲಾಸ್ಕು ಮುಟ್ಟಿರಲಿಲ್ಲ. ಮೈಯೆಲ್ಲ ಬೆವರು. ಯಾರಿಗೂ ಗುರುತು ಸಿಗಬಾರದೆಂದು ತಲೆಗೆ ಸ್ಕಾರ್ಫು ಸುತ್ತಿ ಕಪ್ಪು ಕನ್ನಡಕ ಹಾಕಿಕೊಂಡಳು.

"ಕಣ್ಣಿನ ಆಪರೇಷನ್ ಆದವರ ಹಾಗೆ ಕಾಣ್ತೀರ," ಎಂದಳು ನಾದಿನಿ. "ಇನ್ನೂ ಜಾಸ್ತಿ ಜನ ನೋಡ್ತಾರೆ. ತೆಗೀರಿ."

"ಸುಮ್ನಿರೇ. ನೋಡಿದ್ರೆ ಅಯ್ಯೋ ಪಾಪ ಅಂತಾರೆ, ಅಷ್ಟೇ ತಾನೇ."

ಸಮುದಾಯ ಭವನ ದೊಡ್ಡ ಕಟ್ಟಡ. ಗಂಟೆಯ ಲೆಕ್ಕದಲ್ಲಿ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಿದ್ದರು. ಒಂದರಲ್ಲಿ ಮಕ್ಕಳು ಕರಾಟೆ ಕಲಿಯುತ್ತ ಕಿರುಚುತ್ತಿದ್ದರು, ಇನ್ನೊಂದರಲ್ಲಿ ಯಾರೋ ಚದುರಂಗದ ಮಣೆ ಜೋಡಿಸುತ್ತಿದ್ದರು. ಬಾಗಿಲಲ್ಲಿ ಕಾವಲುಗಾರ ಸ್ಟೂಲಿನ ಮೇಲೆ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದ. ಟೈಲರಮ್ಮ ತಡೆಯುವ ಮೊದಲೇ ನಾದಿನಿ ಶುರು ಮಾಡಿದಳು.

"ಅಣ್ಣಾ, ಈ ಕುಡಿತ ಬಿಡೋರ ಮೀಟಿಂಗ್ ಯಾವ ಕಡೆ?"

ಕರಾಟೆಯವರೂ ಒಂದು ಕ್ಷಣ ಸುಮ್ಮನಾದ ಹಾಗೆ ಟೈಲರಮ್ಮನಿಗೆ ಅನ್ನಿಸಿತು. ಭೂಮಿ ಬಾಯಿ ಬಿಡಬಾರದೇ ಎಂದುಕೊಂಡಳು.

ಕಾವಲುಗಾರ ಉಗುರಿನಿಂದ ಕಣ್ಣೆತ್ತಲಿಲ್ಲ. "ಕುರ್ಚಿ ದುಂಡಗೆ ಹಾಕ್ಕೊಂಡು ಕೂತು ಒಬ್ಬೊಬ್ಬರೇ ಮಾತಾಡ್ತಾರಲ್ಲ, ಅವರಾ? ಮೇಲ್ಗಡೆ ಕೊನೇ ಕೋಣೆ."

ಮೆಟ್ಟಿಲು ಹತ್ತಿ ಕೊನೇ ಕೋಣೆಯ ಮುಂದೆ ನಿಂತರು. ಒಳಗೆ ಹೋಗುವುದು ಕುಡಿಯುವವರು ಮಾತ್ರ, ಮನೆಯವರು ಹೊರಗೆ ಇರಬೇಕು ಎಂದು ಡ್ರೈವರ್ ಮೊದಲೇ ಹೇಳಿದ್ದ. ನಾದಿನಿ ಅತ್ತಿಗೆಯ ಕನ್ನಡಕ ತೆಗೆದು ತನ್ನ ಜೇಬಿಗೆ ಹಾಕಿಕೊಂಡಳು, ಸ್ಕಾರ್ಫು ಸರಿ ಮಾಡಿದಳು.

"ನಾನು ಮೆಟ್ಟಿಲ ಮೇಲೇ ಕೂತಿರ್ತೀನಿ. ಓಡಿ ಹೋಗ್ತೀನಿ ಅಂದ್ರೂ ನನ್ನ ದಾಟಿಕೊಂಡೇ ಹೋಗಬೇಕು."

ಒಳಗೆ ಹತ್ತು ಹನ್ನೆರಡು ಜನ ದುಂಡಗೆ ಕೂತಿದ್ದರು. ಎಲ್ಲರ ಮುಖದಲ್ಲೂ ಬಿಳಿಚಿದ ಕಳೆ. ಮೇಜಿನ ಮೇಲೆ ಸಣ್ಣ ಹಿತ್ತಾಳೆ ಗಂಟೆ ಇಟ್ಟುಕೊಂಡಿದ್ದ ಬೊಕ್ಕತಲೆಯ ಯಜಮಾನರು ಎದ್ದು ಬಂದರು.

"ಮೊದಲ ಸಲನಾ? ಬನ್ನಿ ಬನ್ನಿ. ಸಂಕೋಚ ಬೇಡ. ಇಲ್ಲಿ ಎಲ್ಲರೂ ನಡುಗಿಕೊಂಡೇ ಬಂದವರು."

ಟೈಲರಮ್ಮ ತನ್ನ ಕೈಗಳನ್ನು ಮಡಿಲಲ್ಲಿ ಒಂದರೊಳಗೊಂದು ಹೆಣೆದು ಕೂತಳು. ಎದುರಿಗೆ ಕೂತ ಯುವಕನ ಕೈಯಲ್ಲಿದ್ದ ಕಾಗದ ಪಟಪಟ ಅದುರುತ್ತಿತ್ತು. ಪಾಪ, ಈ ವಯಸ್ಸಿಗೇ, ಎಂದು ಅವಳ ಕರುಳು ಚುರುಕ್ ಎಂದಿತು. ಪಕ್ಕದ ಹೆಂಗಸು ಅವಳ ಕಡೆ ವಾಲಿ ಪಿಸುಗುಟ್ಟಿದಳು: "ನನಗಂತೂ ಬೆಳಗ್ಗೆಯಿಂದ ಹೊಟ್ಟೆಗೆ ಏನೂ ಸೇರಿಲ್ಲ. ಇಲ್ಲಿಗೆ ಬರ್ತೀನಿ ಅಂತ ಮನೇಲೂ ಹೇಳಿಲ್ಲ."

"ನನ್ನದೂ ಅದೇ," ಎಂದಳು ಟೈಲರಮ್ಮ. ಇಷ್ಟು ಜನರಿಗೂ ತನ್ನದೇ ಪಾಡು ಎಂದು ಕಂಡು ಅವಳಿಗೆ ದುಃಖವೂ ಆಯಿತು, ಎಲ್ಲೋ ಒಂದು ಮೂಲೆಯಲ್ಲಿ ನೆಮ್ಮದಿಯೂ ಆಯಿತು.

"ಹೊಸಬರಿಂದಲೇ ಶುರು ಮಾಡೋಣ," ಎಂದರು ಗಂಟೆಯ ಯಜಮಾನರು. "ಎದ್ದು ನಿಂತು ನಿಮ್ಮ ಬಗ್ಗೆ ಏನು ಅನ್ನಿಸುತ್ತೋ ಹೇಳಿ. ಹೊತ್ತಾದರೆ ನಾನು ಗಂಟೆ ಬಾರಿಸ್ತೀನಿ."

ಟೈಲರಮ್ಮ ಎದ್ದಳು. ಎದುರಿಗಿದ್ದ ಹುಡುಗನ ಅದುರುವ ಕಾಗದವನ್ನೇ ನೋಡುತ್ತ ಬಾಯಿ ತೆರೆದಳು.

"ನಾನು ಟೈಲರು," ಎಂದಳು. "ನಾನು ಕುಡೀತೀನಿ. ಯಾರಿಗೂ ಹೇಳಿಲ್ಲ ಇದನ್ನ, ಇವತ್ತೇ ಮೊದಲು. ಮೊದಮೊದಲು ನಮ್ಮ ಯಜಮಾನರ ನೆನಪಿಗೆ ಅಂತ ಕುಡೀತಿದ್ದೆ. ಈಗ ಕುಡಿದಾಗ ಅವರ ನೆನಪೂ ಬರಲ್ಲ. ಅವರ ಧ್ವನಿ ಹೇಗಿತ್ತು ಅಂತ ನೆನಪು ಮಾಡ್ಕೊಳ್ಳೋಕೆ ಹೋದ್ರೆ ಬರೀ ನಿದ್ದೆ ಬರುತ್ತೆ. ನಾನು ಬೆಳೆಸಿದ ಹುಡುಗಿ ಒಬ್ಬಳಿದ್ದಾಳೆ, ನಾದಿನಿ. ಅವಳ ಕೋಟಿನ ತೋಳನ್ನ ಮುಚ್ಚಿ ಹೊಲಿದುಬಿಟ್ಟೆ. ಅವಳು ಬೈಲಿಲ್ಲ. ನನ್ನ ಅಂಗಡೀಲಿ ಕೂತು ತಾನೇ ಬಿಚ್ಚಿದಳು. ಅವಳಿಗೆ ಹೊಲಿಗೆ ಬಿಚ್ಚೋದು ಕಲಿಸಿದ್ದು ನಾನೇ. ಅದನ್ನ ನೋಡ್ತಾ ಕೂತಿದ್ದೆ. ಆಗಲೂ ನನ್ನ ತಲೇಲಿ ಇದ್ದದ್ದು, ಇವಳು ಯಾವಾಗ ಎದ್ದು ಹೋಗ್ತಾಳೆ, ನಾನು ಯಾವಾಗ ಆ ಫ್ಲಾಸ್ಕ್ ತೆಗೀಲಿ ಅಂತ. ಇಷ್ಟೇ. ನನಗೆ ಇದು ಸಾಕಾಗಿದೆ."

ಕೂತಳು. ಯಜಮಾನರು ಗಂಟೆ ಬಾರಿಸಲಿಲ್ಲ. ಆಮೇಲೆ ಪಕ್ಕದ ಹೆಂಗಸು ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದಳು, ಎಲ್ಲರೂ ತಟ್ಟಿದರು.

ಯಜಮಾನರು ಗಂಟಲು ಸರಿಮಾಡಿಕೊಂಡರು. "ಬಹಳ... ಬಹಳ ಚೆನ್ನಾಗಿ ಮಾತಾಡಿದ್ರಿ. ಎಲ್ಲೂ ತಡವರಿಸಲಿಲ್ಲ. ಧ್ವನಿ ಒಂಚೂರು ಏರಿಸಬೇಕು, ಅಷ್ಟೆ. ಮುಂದಿನ ವಾರಕ್ಕೆ ವಿಷಯ, 'ನನಗೆ ಇಷ್ಟವಾದ ಆಟ'."

"ಆಟನಾ?" ಎಂದಳು ಟೈಲರಮ್ಮ. ಸುತ್ತ ನೋಡಿದಳು. "ಇದು ಕುಡಿತ ಬಿಡೋರ ಮೀಟಿಂಗ್ ಅಲ್ವಾ?"

"ಅಲ್ಲಮ್ಮ," ಎಂದರು ಅವರು, ಅವಳಿಗಿಂತ ಹೆಚ್ಚು ಗಾಬರಿಯಾಗಿ. "ಇದು ನಾಲ್ಕು ಜನರ ಮುಂದೆ ಮಾತಾಡೋಕೆ ಹೆದರೋರ ಗುಂಪು."

ಟೈಲರಮ್ಮನಿಗೆ ಆಮೇಲೆ ಏನಾಯಿತೋ ಗೊತ್ತಿಲ್ಲ. ಕೈಚೀಲವನ್ನೂ ಅಲ್ಲೇ ಬಿಟ್ಟು ಹೊರಗೆ ಬಂದವಳು ಮೆಟ್ಟಿಲ ಮೇಲೆ ಕೂತಿದ್ದ ನಾದಿನಿಯನ್ನು ಎಡವಿ, ಅವಳ ಪಕ್ಕದಲ್ಲೇ ಕುಸಿದಳು.

"ಮರ್ಯಾದೆ ಹೋಯ್ತು ಕಣೇ! ಎಲ್ಲಾ ಹೇಳಿಬಿಟ್ಟೆ. ಸಂಬಂಧವೇ ಇಲ್ಲದವರ ಮುಂದೆ ಎಲ್ಲಾ ಹೇಳಿಬಿಟ್ಟೆ! ಮುಂದಿನ ವಾರ ಆಟದ ಬಗ್ಗೆ ಮಾತಾಡು ಅಂತಾರೆ!"

ಸಂಗತಿ ತಿಳಿದ ಕೂಡಲೇ ನಾದಿನಿ ಕಾವಲುಗಾರನ ಜನ್ಮ ಜಾಲಾಡಲು ಎದ್ದಳು. ಎರಡು ಮೆಟ್ಟಿಲು ಇಳಿದವಳು, ಅತ್ತಿಗೆ ಆಟದ ಬಗ್ಗೆ ಮಾತಾಡುತ್ತಿರುವುದನ್ನು ಕಣ್ಣಿಗೆ ತಂದುಕೊಂಡಿರಬೇಕು, ಗೋಡೆಗೆ ಆತು ನಗಲು ಶುರು ಮಾಡಿದಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗಬೇಡವೇ ಎಂದು ಬೈಯುತ್ತ ಬೈಯುತ್ತ ಟೈಲರಮ್ಮನಿಗೂ ನಗು ಬಂದುಬಿಟ್ಟಿತು. ಅಳು ಯಾವುದು ನಗು ಯಾವುದು ಎಂದು ಅವಳಿಗೇ ತಿಳಿಯಲಿಲ್ಲ. ನಾದಿನಿ ಮತ್ತೆ ಮೇಲೆ ಬಂದು ಅವಳನ್ನು ತಬ್ಬಿಕೊಂಡು ಕೂತಳು.

ಗಂಟೆಯ ಯಜಮಾನರು ಕೈಚೀಲ ಹಿಡಿದುಕೊಂಡು ಬಂದರು. ಅದನ್ನು ಬಹಳ ಮರ್ಯಾದೆಯಿಂದ ಕೊಟ್ಟರು.

"ನೀವು ಹುಡುಕ್ತಿರೋದು ಇಲ್ಲಲ್ಲಮ್ಮ, ಈ ಭವನದ ಹಿಂದೆ. ಹಿಂದಿನ ಬೀದಿ ಶಿಶುವಿಹಾರದಲ್ಲಿ. ಆಗಾಗ ಒಬ್ಬಿಬ್ಬರು ತಪ್ಪಿ ನಮ್ಮಲ್ಲಿಗೆ ಬರ್ತಾರೆ. ಬಾಯಿ ತೆರೆಯೋ ಮೊದಲೇ ಅವರಿಗೇ ಗೊತ್ತಾಗಿಬಿಡುತ್ತೆ. ಪೂರ್ತಿ ಮಾತಾಡಿದ್ದು ನೀವೇ ಮೊದಲು." ಸ್ವಲ್ಪ ತಡೆದು ಮತ್ತೆ ಹೇಳಿದರು: "ಇಲ್ಲಿ ಕೇಳಿದ್ದನ್ನ ನಾವು ಯಾರೂ ಹೊರಗೆ ಆಡಲ್ಲ. ನಮಗೆ ಮಾತಾಡೋಕೇ ಭಯ, ನಿಮಗೆ ಗೊತ್ತಲ್ಲ."

ಅವರು ಹೋದ ಮೇಲೆ ಟೈಲರಮ್ಮ ನಾದಿನಿಯ ಕಡೆ ತಿರುಗಿದಳು. "ಭವನದ ಹಿಂದೆ!"

"ಇಂಜಿನ್ ಸದ್ದು ಅತ್ತಿಗೆ. 'ಹಿಂದೆ' ಅನ್ನೋದು ಕೇಳಿಸಲಿಲ್ಲ."

ಅರ್ಧ ಕೇಳಿಸಿಕೊಂಡು ಪೂರ್ತಿ ಹೊರಟುಬಿಡುವುದು ನಾದಿನಿಯ ಹುಟ್ಟುಗುಣ. ಟೈಲರಮ್ಮನಿಗೆ ಬೈಯಲು ತ್ರಾಣ ಇರಲಿಲ್ಲ. "ಹೋಗ್ಲಿ ಬಿಡು. ಹೇಳೋದು ಹೇಳಾಯ್ತಲ್ಲ. ನಡಿ ಮನೆಗೆ."

"ಟಿಕೆಟ್ ತಗೊಂಡು ಬಸ್ ಹತ್ತದೇ ಹೋಗ್ತೀರಾ? ಏಳಿ."

ಹಿಂದಿನ ಬೀದಿಗೆ ಹೋಗಬೇಕಾದರೆ ಮೂಲೆ ತಿರುಗಬೇಕು. ಮೂಲೆಯಲ್ಲಿ ಒಂದು ಮದ್ಯದಂಗಡಿ ಆಗಷ್ಟೇ ದೀಪ ಹಚ್ಚಿತ್ತು. ಬಣ್ಣಬಣ್ಣದ ಬಾಟಲಿಗಳು ಗಾಜಿನ ಹಿಂದೆ ಸಾಲಾಗಿ ನಿಂತಿದ್ದವು. ಯಾವ ಸಾಲಿನಲ್ಲಿ ತನ್ನದು ಇರುತ್ತದೆ ಎಂದು ಟೈಲರಮ್ಮನಿಗೆ ನೋಡದೆಯೂ ಗೊತ್ತಿತ್ತು. ಬಾಯಲ್ಲಿ ನೀರೂರಿತು, ಕಾಲು ತಾನಾಗಿ ನಿಧಾನವಾಯಿತು. ಅವಳಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು. ಆದರೂ ಕಾಲು ಮುಂದೆ ಹೋಗಲಿಲ್ಲ.

ನಾದಿನಿ ನಾಲ್ಕು ಹೆಜ್ಜೆ ಮುಂದೆ ಹೋಗಿದ್ದಳು.

"ಏ," ಎಂದು ಕರೆದಳು ಟೈಲರಮ್ಮ. "ಬಂದು ನನ್ನ ಕೈ ಹಿಡ್ಕೋ."

ನಾದಿನಿ ತಿರುಗಿ ಬಂದಳು. ಅತ್ತಿಗೆಯ ಬೆವೆತ ಕೈಯನ್ನು ಬಿಗಿಯಾಗಿ ಹಿಡಿದು, ತಾನು ಅಂಗಡಿಯ ಕಡೆಗೆ ಬರುವ ಹಾಗೆ ಜಾಗ ಬದಲಾಯಿಸಿ, ರಸ್ತೆ ದಾಟಿಸಿದಳು.

ಶಿಶುವಿಹಾರದ ಗೇಟು ಸೊಂಟದೆತ್ತರ. ಪಡಸಾಲೆಯ ಗೋಡೆಗೆ ಮಕ್ಕಳ ಪುಟ್ಟ ಪುಟ್ಟ ಟೋಪಿ, ಸ್ವೆಟರುಗಳು ನೇತಾಡುತ್ತಿದ್ದವು. ಒಂದರ ಗುಂಡಿ ಕಿತ್ತು ನೇತಾಡುವುದು ಟೈಲರಮ್ಮನ ಕಣ್ಣಿಗೆ ತಪ್ಪಲಿಲ್ಲ. ತೆರೆದ ಬಾಗಿಲಿನಿಂದ ಕಂಡದ್ದು ಇಷ್ಟು: ಮೊಳದೆತ್ತರದ ಬಣ್ಣದ ಕುರ್ಚಿಗಳು, ಅವುಗಳ ಮೇಲೆ ಮೊಣಕಾಲು ಗದ್ದಕ್ಕೆ ತಾಗುವ ಹಾಗೆ ಮುದುಡಿ ಕೂತ ದೊಡ್ಡವರು, ಬಿಸಿ ಟೀ ಲೋಟಗಳು. ಒಬ್ಬ ದಢೂತಿ ಮನುಷ್ಯನ ಕೆಳಗೆ ಕುರ್ಚಿಯೇ ಕಾಣುತ್ತಿರಲಿಲ್ಲ, ಗಾಳಿಯಲ್ಲಿ ಕೂತ ಹಾಗಿತ್ತು.

ಅಷ್ಟರಲ್ಲಿ ಪಡಸಾಲೆಯ ಆ ಕಡೆಯಿಂದ ಬಿಸ್ಕತ್ತಿನ ತಟ್ಟೆ ಹಿಡಿದುಕೊಂಡು ಒಬ್ಬರು ಬಂದರು.

"ಅರೆ, ಡ್ರೈವರಣ್ಣಾ!" ಎಂದಳು ನಾದಿನಿ. "ನೀವೂ ಬಂದ್ರಾ? ನಿಮ್ಮ ಪರಿಚಯದವರನ್ನ ಬಿಡೋಕಾ?"

ಡ್ರೈವರ್ ತಟ್ಟೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. "ಪರಿಚಯದವರು ನಾನೇ ಕಣಮ್ಮ."

ಟೈಲರಮ್ಮ ತನ್ನ ನಾದಿನಿಯ ಬಾಯಿ ಕಟ್ಟಿದ್ದನ್ನು ಜೀವಮಾನದಲ್ಲಿ ಮೊದಲ ಸಲ ನೋಡಿದಳು. ಯಾವ ಸೀಟಿನವರು ಎಲ್ಲಿ ಹತ್ತಿ ಎಲ್ಲಿ ಇಳಿಯುತ್ತಾರೆ, ಯಾರ ಮಗಳಿಗೆ ಕೆಲಸ ಸಿಕ್ಕಿತು, ಯಾರಿಗೆ ಸೊಂಟನೋವು, ಎಲ್ಲ ಗೊತ್ತಿದ್ದ ಕಂಡಕ್ಟರು ಅವಳು. ತನ್ನ ಬಸ್ಸು ಓಡಿಸುವವನ ಬಗ್ಗೆ ಇಷ್ಟೂ ಗೊತ್ತಿರಲಿಲ್ಲ.

"ಯಾವಾಗಿನಿಂದ?" ಎಂದಳು ಕೊನೆಗೆ.

"ನಿನ್ನ ಜೊತೆ ಡ್ಯೂಟಿ ಬೀಳೋಕೆ ಎಷ್ಟೋ ಮೊದಲಿನಿಂದ. ಬಸ್ಸಿನ ಕೆಲಸಕ್ಕೆ ಸೇರಿದ್ದೇ ಕುಡಿತ ಬಿಟ್ಟ ಮೇಲೆ."

"ಒಂದು ಮಾತು ಹೇಳಬಹುದಿತ್ತಲ್ಲ ಅಣ್ಣ!"

"ನಿನಗೆ ಹೇಳಿದ್ರೆ ಕೊನೇ ಸ್ಟಾಪಿನವರೆಗೂ ಕೇಳಿಸ್ತಿತ್ತು."

ನಾದಿನಿಗೆ ಸಿಟ್ಟು ಬಂತು, ಮರುಕ್ಷಣವೇ ಕಣ್ಣಲ್ಲಿ ನೀರೂ ಬಂತು. ಡ್ರೈವರ್ ಅವಳನ್ನು ಬಿಟ್ಟು ಟೈಲರಮ್ಮನ ಕಡೆ ತಿರುಗಿದ. "ಆವತ್ತು ಆ ಕೋಟು ನೋಡಿದಾಗಲೇ ನನಗೆ ಅನ್ನಿಸಿತು ಅಕ್ಕ. ನಾನೂ ಒಂದು ಸಲ ಮನೆ ಬಾಗಿಲಿಗೆ ಬಣ್ಣ ಹೊಡೆಯೋಕೆ ಕೂತು, ಬೀಗದ ಕಿಂಡಿಗೂ ಸೇರಿಸಿ ಬಳಿದುಬಿಟ್ಟಿದ್ದೆ. ಬಹಳ ನೀಟಾಗಿ ಬಳಿದಿದ್ದೆ. ಆಮೇಲೆ ಹೆಂಡತಿ ಮಕ್ಕಳು ಕಿಟಕಿ ಹತ್ತಿ ಒಳಗೆ ಹೋಗಬೇಕಾಯ್ತು. ಬನ್ನಿ, ಟೀ ಆರುತ್ತೆ."

ಈ ಸಲ ಟೈಲರಮ್ಮನಿಗೆ ಅಷ್ಟು ಮಾತು ಬರಲಿಲ್ಲ. ಹಳದಿ ಬಣ್ಣದ ಕುರ್ಚಿಯೊಂದರಲ್ಲಿ ಮುದುಡಿ ಕೂತು, ತನ್ನ ಸರದಿ ಬಂದಾಗ, "ನಾನು ಟೈಲರು. ನಾನು ಕುಡೀತೀನಿ," ಎಂದಷ್ಟೇ ಹೇಳಿ ನಿಲ್ಲಿಸಿದಳು. ಉಳಿದದ್ದನ್ನೆಲ್ಲ ಆ ಕೋಣೆಯಲ್ಲೇ ಖಾಲಿ ಮಾಡಿ ಬಂದಿದ್ದಳಲ್ಲ. ಇಲ್ಲಿ ಯಾರೂ ಚಪ್ಪಾಳೆ ತಟ್ಟಲಿಲ್ಲ. "ಬಂದಿದ್ದು ಒಳ್ಳೇದಾಯ್ತು," ಎಂದು ಒಬ್ಬರಾದ ಮೇಲೊಬ್ಬರು ಹೇಳಿದರು, ಸಾದಾ ಧ್ವನಿಯಲ್ಲಿ.

ಅವಳ ಪಕ್ಕದಲ್ಲಿ ಕೂತಿದ್ದವರು ಹಲ್ಲಿನ ಡಾಕ್ಟರು, ಅವಳದೇ ವಯಸ್ಸಿನ ಹೆಂಗಸು. ಇಲ್ಲಿ ಬರೀ ಗಂಡಸರೇ ಇರುತ್ತಾರೆ ಎಂದು ಹೆದರಿದ್ದ ಟೈಲರಮ್ಮನಿಗೆ ಅರ್ಧ ಭಾರ ಇಳಿದಿತ್ತು. ಬಾಯಿ ಮುಕ್ಕಳಿಸುವ ಔಷಧಿಯ ಬಾಟಲಿಯಲ್ಲಿ ಮದ್ಯ ತುಂಬಿಟ್ಟುಕೊಂಡು, ಒಂದು ದಿನ ಮರೆತು ಅದನ್ನೇ ರೋಗಿಗೆ ಮುಕ್ಕಳಿಸಲು ಕೊಟ್ಟ ಕಥೆಯನ್ನು ಅವರು ಹೇಳಿದರು. "ರೋಗಿ ಉಗುಳಲೇ ಇಲ್ಲ," ಎಂದರು. ಎಲ್ಲರೂ ನಕ್ಕರು, ಡಾಕ್ಟರೂ ನಕ್ಕರು. ಆಮೇಲೆ ಅದೇ ಧ್ವನಿಯಲ್ಲಿ, ಆ ದಿನ ಸಂಜೆ ದವಾಖಾನೆ ಮುಚ್ಚಿ ಮಗಳಿಗೆ ಫೋನ್ ಮಾಡಿದ್ದನ್ನೂ ಹೇಳಿದರು. ಆಗ ಯಾರೂ ನಗಲಿಲ್ಲ. ಇಂಥ ಜಾಗದಲ್ಲಿ ಜನ ನಗುತ್ತಾರೆ ಎಂದು ಟೈಲರಮ್ಮ ಕನಸಿನಲ್ಲೂ ಎಣಿಸಿರಲಿಲ್ಲ. ಏಳುವಾಗ ಡಾಕ್ಟರು ತಮ್ಮ ಫೋನ್ ನಂಬರ್ ಕೊಟ್ಟು, "ಕುಡಿದ ಮೇಲೆ ಅಲ್ಲ, ಕುಡಿಯೋ ಮೊದಲು ಮಾಡಿ," ಎಂದರು.

ಹೊರಗೆ ನಾದಿನಿ ಮಕ್ಕಳ ಉಯ್ಯಾಲೆಯ ಮೇಲೆ ಕಾಲು ನೆಲಕ್ಕೂರಿ ಕೂತಿದ್ದಳು. ಅತ್ತಿಗೆಯನ್ನು ಕಂಡು ಎದ್ದು ಬಂದಳು.

ಆ ರಾತ್ರಿ ಅವಳು ಅತ್ತಿಗೆಯ ಮನೆಯಲ್ಲೇ ಉಳಿದಳು. ಬೆಳಗ್ಗೆ ತೋಳು ಮಡಚಿಕೊಂಡು, "ಈಗ ತೋರಿಸಿ, ಎಲ್ಲೆಲ್ಲಿ ಇಟ್ಟಿದ್ದೀರ," ಎಂದಳು. ಟೈಲರಮ್ಮ ಒಂದೊಂದಾಗಿ ತೋರಿಸಿದಳು. ಅಕ್ಕಿ ಡಬ್ಬಿಯಲ್ಲಿ ಒಂದು. ಚಳಿಗಾಲದ ರಗ್ಗಿನ ಸುರುಳಿಯಲ್ಲಿ ಒಂದು. ಇಷ್ಟೇನಾ ಎಂದು ಕೇಳಿದರೆ ಇಷ್ಟೇ ಎಂದಳು. ನಾದಿನಿ ಅವನ್ನೆಲ್ಲ ಸಿಂಕಿಗೆ ಸುರಿದು ನೀರು ಬಿಟ್ಟಳು. ಅಂಗಡಿಗೂ ಬಂದು ಫ್ಲಾಸ್ಕು ತೊಳೆದಳು. ಹೊರಡುವ ಹೊತ್ತಿಗೆ ಟೈಲರಮ್ಮ ಬಾಗಿಲಲ್ಲಿ ನಿಂತು ಚಡಪಡಿಸಿದಳು.

"ಇನ್ನೊಂದಿದೆ ಕಣೇ."

ಅಳತೆಗೆ ಇಟ್ಟುಕೊಂಡಿದ್ದ ತಲೆಯಿಲ್ಲದ ಬಟ್ಟೆಗೊಂಬೆಯ ಬೆನ್ನಿನ ಹೊಲಿಗೆ ಬಿಚ್ಚಿ, ಹತ್ತಿಯೊಳಗೆ ಕೈ ಹಾಕಿ ಅವಳು ಬಾಟಲಿ ಹೊರತೆಗೆದಳು. ನಾದಿನಿ ಬಿಟ್ಟ ಬಾಯಿ ಬಿಟ್ಟಂತೆ ನಿಂತಳು.

"ನಾನು ಈ ಗೊಂಬೆ ಪಕ್ಕ ನಿಂತು ಎಷ್ಟು ಸಲ ಅಳತೆ ಕೊಟ್ಟಿದ್ದೀನಿ ಅತ್ತಿಗೆ! ನನಗಿಂತ ಇವಳ ಸೊಂಟ ದಪ್ಪ ಯಾಕೆ ಅಂತ ಕೇಳಿದ್ದೆ ನೆನಪಿದೆಯಾ?"

"ವಯಸ್ಸಾಯ್ತು ಅವಳಿಗೂ ಅಂದಿದ್ದೆ," ಎಂದಳು ಟೈಲರಮ್ಮ ತಲೆ ತಗ್ಗಿಸಿ. ಬಾಟಲಿಯನ್ನು ತಾನೇ ಚರಂಡಿಗೆ ಸುರಿದಳು. ಸುರಿಯುವಾಗ ಅದರ ವಾಸನೆಗೆ ಕಣ್ಣು ಮುಚ್ಚಿಕೊಂಡಳು.

ಅಲ್ಲಿಗೆ ಎಲ್ಲ ಸರಿಹೋಯಿತು ಎಂದರೆ ಸುಳ್ಳಾಗುತ್ತದೆ. ಮೊದಮೊದಲು ಕೈ ಇನ್ನೂ ಜಾಸ್ತಿ ನಡುಗಿತು. ನಿದ್ದೆ ಬರುತ್ತಿರಲಿಲ್ಲ. ನಾದಿನಿ ಬಲವಂತವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ ತೋರಿಸಿ ಬಂದಳು. ಚಳಿಗಾಲ ಮುಗಿಯುವ ಹೊತ್ತಿಗೆ, ಗಂಡನ ತಿಥಿಯ ದಿನ, ಟೈಲರಮ್ಮ ಹಲ್ಲಿನ ಡಾಕ್ಟರ ನಂಬರ್ ಒತ್ತಲು ಹೋಗಿ ಒತ್ತದೆ, ಮೂಲೆಯ ಮದ್ಯದಂಗಡಿಗೆ ಹೋದಳು. ಮಾರನೇ ದಿನ ತನ್ನ ಅಂಗಡಿ ತೆರೆಯಲಿಲ್ಲ. ಅದರ ಮಾರನೇ ದಿನ ಶನಿವಾರ. ಹೋಗುವುದೋ ಬೇಡವೋ ಎಂದು ಬೆಳಗ್ಗೆಯಿಂದ ಒದ್ದಾಡಿ, ಕೊನೆಗೆ ಹೋಗಿ ಹಳದಿ ಕುರ್ಚಿಯಲ್ಲಿ ಕೂತು ಆದದ್ದು ಹೇಳಿದಳು. ದಢೂತಿ ಮನುಷ್ಯ ಎದ್ದು ಅವಳಿಗೆ ಟೀ ತಂದುಕೊಟ್ಟ. ಡಾಕ್ಟರು ಅವಳ ಬೆನ್ನ ಮೇಲೆ ಕೈಯಿಟ್ಟು ಕೂತರು. "ಮತ್ತೆ ಬಂದ್ರಲ್ಲ," ಎಂದರು, ಅಷ್ಟೆ. ಆಮೇಲೆ ಮಾತ್ರ ಅವಳು ನಂಬರ್ ಒತ್ತಲು ಕಲಿತಳು. ಒಂದೊಂದು ದಿನ ಎರಡು ಮೂರು ಸಲ ಒತ್ತಿದ್ದೂ ಉಂಟು. ಒಮ್ಮೆ ಡಾಕ್ಟರು ಯಾರದೋ ಹಲ್ಲು ಕೀಳುತ್ತಲೇ ಸ್ಪೀಕರ್ ಹಾಕಿಕೊಂಡು, "ಹೂಂ ಹೇಳಿ, ಇವರಿಗೆ ಬಾಯಿ ಬರಲ್ಲ ಈಗ," ಎಂದಿದ್ದರು.

ಗಂಡನ ಧ್ವನಿ ಬೇಸಿಗೆಯಲ್ಲಿ ಒಂದು ಮಧ್ಯಾಹ್ನ ತಾನಾಗಿ ನೆನಪಿಗೆ ಬಂತು. ಯಾವುದೋ ಯಂತ್ರದ ಚೇಷ್ಟೆಯ ಕಥೆ. ಅವಳು ಕಾಲು ಪೆಡಲಿನಿಂದ ತೆಗೆದು, ಕಥೆ ಮುಗಿಯುವ ತನಕ ಸುಮ್ಮನೆ ಕೂತಿದ್ದಳು.

ನಾದಿನಿಗೆ ಮಾತ್ರ ಒಂದು ಸಂಕಟ ಉಳಿದೇ ಹೋಯಿತು. ಪ್ರತಿ ಶನಿವಾರ ಶಿಶುವಿಹಾರದ ಒಳಗೆ ಏನೇನು ನಡೆಯುತ್ತದೆ ಎಂದು ಅವಳಿಗೆ ಗೊತ್ತಾಗಬೇಕಿತ್ತು.

"ಹೆಸರು ಬೇಡ ಅತ್ತಿಗೆ. ಮಾತು ಏನು ಬಂತು, ಅಷ್ಟು ಹೇಳಿ ಸಾಕು."

"ಅಲ್ಲಿ ಕೇಳಿದ್ದನ್ನ ಅಲ್ಲೇ ಬಿಟ್ಟು ಬರಬೇಕು ಕ‍ಣೇ."

"ಹೋಗ್ಲಿ, ಡ್ರೈವರಣ್ಣ ಏನು ಹೇಳಿದ್ರು? ಅವರು ನಮ್ಮವರೇ ಅಲ್ವಾ?"

"ಅವರನ್ನೇ ಕೇಳು."

"ಕೇಳಿದೆ. ಗೇರ್ ಬದಲಾಯಿಸಿ ಸುಮ್ಮನಾದ್ರು."

ಟೈಲರಮ್ಮನಿಗೆ ಅವಳ ಮುಖ ನೋಡಿ ಅಯ್ಯೋ ಎನ್ನಿಸಿತು. ಬಾಯಲ್ಲಿ ಕಚ್ಚಿಕೊಂಡಿದ್ದ ಪಿನ್ನು ತೆಗೆದಿಟ್ಟು, ಆ ಕಡೆ ಈ ಕಡೆ ನೋಡಿ, ಹತ್ತಿರ ಕರೆದು ಪಿಸುಗುಟ್ಟಿದಳು: "ಬಿಸ್ಕತ್ತು ಮೆತ್ತಗಾಗಿರುತ್ತೆ. ಪ್ರತಿ ವಾರ. ಇದನ್ನ ಬೇಕಾದ್ರೆ ಊರಿಗೆಲ್ಲ ಹೇಳು."

ಮುಂದಿನ ಶನಿವಾರ ನಾದಿನಿ ಗರಿಗರಿಯಾದ ಬಿಸ್ಕತ್ತಿನ ದೊಡ್ಡ ಡಬ್ಬಿಯೊಂದನ್ನು ತಂದು ಅತ್ತಿಗೆಯ ಚೀಲಕ್ಕೆ ತುರುಕಿದಳು.

"ಎಲ್ಲರಿಗೂ ಕೊಡಿ," ಎಂದಳು. "ನನ್ನ ಹೆಸರು ಮಾತ್ರ ಹೇಳಬೇಡಿ."